ಹೊಂಗೆಯ ನೆರಳನ್ನು ಕೋಣೆಯೊಳಗೆ ತರುವುದು: ಬೆಳಕು-ನೆರಳಿನ ಪ್ರತಿಷ್ಠಾಪನೆಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ನೆರಳು’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ಬಿಸಿಲಲ್ಲಿ ನಡೆದು ಬಂದವರು ಮರದಡಿ ಕುಳಿತಾಗ ಸಿಗುವ ತಂಪು ನೆರಳು. ಗೋಡೆಯ ಮೇಲೆ ಬೀಳುವ ಕಪ್ಪು ಆಕೃತಿಯೂ ನೆರಳು. ಕಲಾಶಾಲೆಗಳ ಅಂತಿಮ ವರ್ಷದ ಪ್ರದರ್ಶನಗಳಲ್ಲಿ ನಾನು ನೋಡುವ ಬೆಳಕು-ನೆರಳಿನ ಕೃತಿಗಳಲ್ಲಿ ಹೆಚ್ಚಿನವು ಎರಡನೆಯ ಅರ್ಥದಲ್ಲೇ ನಿಂತುಬಿಡುತ್ತವೆ. ರಟ್ಟಿನಲ್ಲಿ ಕತ್ತರಿಸಿದ ಎಲೆ, ಅದರ ಹಿಂದೊಂದು ಬಲ್ಬು, ಗೋಡೆಯ ಮೇಲೆ ಆಳೆತ್ತರದ ಎಲೆ. ನೋಡಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಯಾರೂ ಅಲ್ಲಿ ಕೂರುವುದಿಲ್ಲ.

ಕೂರುವಂಥ ನೆರಳನ್ನು ಕೋಣೆಯೊಳಗೆ ಕಟ್ಟುವುದು ಹೇಗೆ ಎಂಬುದೇ ಈ ಬರಹದ ವಿಷಯ. ಹೀಗೆ ಇಡೀ ಕೋಣೆಯನ್ನೇ ಕಲಾಕೃತಿಯಾಗಿಸುವುದನ್ನು ಕಲೆಯ ಮಾತಿನಲ್ಲಿ ಪ್ರತಿಷ್ಠಾಪನೆ ಎನ್ನುತ್ತಾರೆ. ಹೊಂಗೆ ಮರದ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ಮಾತು ನಮ್ಮ ಹಳ್ಳಿಗಳಲ್ಲಿದೆ. ಹಾಗಾಗಿ ಹೊಂಗೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಹುಣಸೆಯನ್ನೋ ನೇರಳೆಯನ್ನೋ ತೆಗೆದುಕೊಂಡರೂ ವಿಧಾನ ಇದೇ. ನಾವು ಕಟ್ಟಲಿರುವುದು ಒಂದು ಚಾಪೆ, ಅದರ ಮೇಲೆ ತೂಗುವ ಎಲೆಗಳ ಚಪ್ಪರ, ಅದಕ್ಕೂ ಮೇಲೆ ಒಂದೇ ಒಂದು ದೀಪ. ಮೂರೇ ವಸ್ತು. ಆದರೆ ಅವುಗಳ ನಡುವಿನ ಅಂತರಗಳನ್ನು ಹೊಂದಿಸುವುದಕ್ಕೆ ಎರಡು ತಿಂಗಳು ಬೇಕು.

ಮೊದಲು ಹತ್ತು ದಿನ ಮರದ ಕೆಳಗೆ

ಕತ್ತರಿ ಹಿಡಿಯುವ ಮೊದಲು ಒಂದು ಮರವನ್ನು ಆರಿಸಿಕೊಳ್ಳಿ. ಮನೆಗೋ ಕಾಲೇಜಿಗೋ ಹತ್ತಿರವಿರುವ, ದಿನವೂ ಹೋಗಿಬರಬಹುದಾದ ಒಂದೇ ಮರ. ಬೆಳಿಗ್ಗೆ ಎಂಟಕ್ಕೆ, ನಡುಹಗಲಿಗೆ, ಸಂಜೆ ಐದಕ್ಕೆ, ಹೀಗೆ ದಿನಕ್ಕೆ ಮೂರು ಸಲ ಹತ್ತು ದಿನ ಅದರಡಿ ಕೂರಿ. ದೊಡ್ಡ ಬಿಳಿ ಡ್ರಾಯಿಂಗ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬಿದ್ದ ನೆರಳಿನ ಅಂಚನ್ನು ಇದ್ದಿಲಿನಿಂದ ಗುರುತಿಸಿ. ಕಾಲು ಗಂಟೆ ಬಿಟ್ಟು ಅದೇ ಹಾಳೆಯ ಮೇಲೆ ಇನ್ನೊಂದು ಬಣ್ಣದಲ್ಲಿ ಮತ್ತೆ ಗುರುತಿಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕಣ್ಣಿಗೆ ಅದು ಕಾಣುವುದಿಲ್ಲ, ಹಾಳೆಯ ಮೇಲೆ ಕಾಣುತ್ತದೆ.

ಎರಡನೆಯ ದಿನವೋ ಮೂರನೆಯ ದಿನವೋ ನಿಮಗೆ ಒಂದು ಸಂಗತಿ ಹೊಳೆಯುತ್ತದೆ. ಹಾಳೆಯ ಮೇಲೆ ಎಲೆಯ ಆಕಾರವೇ ಹೆಚ್ಚಾಗಿ ಇಲ್ಲ! ಕೆಳಗಿನ ಕೊಂಬೆಯ ನಾಲ್ಕಾರು ಎಲೆಗಳು ಮಾತ್ರ ಎಲೆಯಂತೆ ಕಾಣುತ್ತವೆ. ಉಳಿದದ್ದೆಲ್ಲ ಮಸುಕು ಬೂದು, ಅದರ ನಡುನಡುವೆ ದುಂಡನೆಯ ಬಿಸಿಲ ಬಿಲ್ಲೆಗಳು. ಎಲೆಗಳ ನಡುವಿನ ಸಂದುಗಳು ದುಂಡಗಿಲ್ಲ. ಒಂದು ಮೂರು ಮೂಲೆ, ಒಂದು ಸೀಳು, ಒಂದು ಅಂಕುಡೊಂಕು. ಆದರೂ ನೆಲದ ಮೇಲಿನ ಬಿಲ್ಲೆಗಳು ದುಂಡಗೇ ಇರುತ್ತವೆ. ಏಕೆಂದರೆ ಪ್ರತಿಯೊಂದು ಬಿಲ್ಲೆಯೂ ಸೂರ್ಯನ ಬಿಂಬ. ಪ್ರತಿ ಸಂದೂ ಒಂದು ಸೂಜಿರಂಧ್ರ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ಮಂಗಳೂರು, ಕೊಡಗಿನ ಕಡೆಯವರು ಮರೆತಿರಲಾರರು. ಅಂಥ ಗ್ರಹಣದ ಹೊತ್ತಿನಲ್ಲಿ ಮರದಡಿಯ ಬಿಲ್ಲೆಗಳೆಲ್ಲ ಕುಡುಗೋಲಿನಂತೆ ಬಾಗಿ, ಮತ್ತೆ ಬಳೆಗಳಾಗುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ಬಿಂಬ ಒಳಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದೂ ಇದೇ ನಿಯಮದಿಂದ. ಸಣ್ಣ ಕಿಂಡಿ, ಅದರಾಚೆ ಬೆಳಗಿದ ವಸ್ತು, ಈಚೆ ಕತ್ತಲ ಗೋಡೆ. ಹಂಪಿಗೆ ಹೋದಾಗ ಒಂದು ಫೋಟೊ ತೆಗೆದುಕೊಂಡು ಹೊರಟುಬಿಡಬೇಡಿ. ಕಿಂಡಿಯಿಂದ ಗೋಡೆಗೆ ಎಷ್ಟು ಹೆಜ್ಜೆ ಎಂದು ಎಣಿಸಿ, ಬಿಂಬದ ಎತ್ತರವನ್ನು ಅಂದಾಜಿಸಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಕೆಲವು ವಿವರಗಳಿರಲಿ. ಗಾಳಿ ಬೀಸಿದಾಗ ಯಾವುದು ಮೊದಲು ಅಲುಗುತ್ತದೆ, ಎಲೆಯೋ ಕೊಂಬೆಯೋ? ಬಿಲ್ಲೆಗಳು ಒಟ್ಟಿಗೆ ಸರಿಯುತ್ತವೆಯೋ, ಒಂದೊಂದೂ ತನ್ನ ಪಾಡಿಗೆ ಮಿನುಗುತ್ತದೆಯೋ? ಮೋಡ ಅಡ್ಡ ಬಂದಾಗ ನೆರಳು ಒಮ್ಮೆಗೇ ಮಾಯವಾಗುತ್ತದೆಯೋ, ಮೆಲ್ಲಗೆ ಕರಗುತ್ತದೆಯೋ? ಬೆಂಗಳೂರಿನಲ್ಲಿರುವವರು ಏಪ್ರಿಲ್ 24-25ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಬರುವ ಶೂನ್ಯ ನೆರಳಿನ ದಿನದಂದು ನಡುಹಗಲಲ್ಲಿ ಮರದಡಿ ಇರುವಂತೆ ನೋಡಿಕೊಳ್ಳಿ. ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಂತಾಗ ಬಿಲ್ಲೆಗಳು ಅಚ್ಚ ದುಂಡಗಿರುತ್ತವೆ. ಸಂಜೆಯ ಬಿಲ್ಲೆಗಳೋ ಮೊಟ್ಟೆಯಂತೆ ಉದ್ದ.

ಹತ್ತನೆಯ ದಿನ, ನಿಮ್ಮನ್ನು ಹಿಡಿದು ಕೂರಿಸಿದ್ದು ಯಾವುದು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. “ಪ್ರಕೃತಿ ಮತ್ತು ಮಾನವನ ಸಂಬಂಧ” ಎಂದು ಬರೆದರೆ ಅದನ್ನು ಹೊಡೆದುಹಾಕಿ. “ಬಿಸಿಲ ಬಿಲ್ಲೆ ನನ್ನ ಅಂಗೈಯನ್ನು ದಾಟಿ ಹೋಯಿತು” ಎಂಬಂಥ ವಾಕ್ಯ ಸಿಕ್ಕರೆ ಅದನ್ನು ಉಳಿಸಿಕೊಳ್ಳಿ. ಮುಂದೆ ದೀಪ ಎಲ್ಲಿರಬೇಕು, ಗಾಳಿ ಎಷ್ಟಿರಬೇಕು ಎಂದು ಗೊಂದಲವಾದಾಗಲೆಲ್ಲ ಆ ವಾಕ್ಯ ತೀರ್ಮಾನ ಹೇಳುತ್ತದೆ.

ಅರೆನೆರಳಿನ ಲೆಕ್ಕ

ಕಲೆಯ ವಿದ್ಯಾರ್ಥಿಗಳು ಲೆಕ್ಕ ಎಂದರೆ ಹಿಂದೆ ಸರಿಯುತ್ತಾರೆ. ಇಲ್ಲಿ ಬೇಕಿರುವುದು ಎರಡೇ ಲೆಕ್ಕ, ಎರಡೂ ಗುಣಾಕಾರ ಭಾಗಾಕಾರದವು. ಇವು ಕೈಗೆ ಬಂದರೆ ವಾರಗಟ್ಟಲೆ ನಡೆಯುವ ಹುಡುಕಾಟ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲನೆಯದು ನೆರಳಿನ ಗಾತ್ರ. ದೀಪದಿಂದ ಪರದೆಗಿರುವ ದೂರವನ್ನು ದೀಪದಿಂದ ಎಲೆಗಿರುವ ದೂರದಿಂದ ಭಾಗಿಸಿ. ನೆರಳು ಅಷ್ಟು ಪಟ್ಟು ದೊಡ್ಡದಾಗುತ್ತದೆ. ದೀಪಕ್ಕೂ ಎಲೆಗೂ 60 ಸೆಂಟಿಮೀಟರ್, ದೀಪಕ್ಕೂ ಗೋಡೆಗೂ 3 ಮೀಟರ್ ಇದ್ದರೆ 300ನ್ನು 60ರಿಂದ ಭಾಗಿಸಿದಾಗ ಐದು ಪಟ್ಟು. 8 ಸೆಂಟಿಮೀಟರಿನ ಎಲೆ ಗೋಡೆಯ ಮೇಲೆ 40 ಸೆಂಟಿಮೀಟರ್ ಆಗುತ್ತದೆ.

ಎರಡನೆಯದು ಅಂಚಿನ ಮಸುಕು, ಅಂದರೆ ಅರೆನೆರಳಿನ ಅಗಲ. ದೀಪದ ಅಗಲವನ್ನು ಎಲೆಯಿಂದ ಗೋಡೆಗಿರುವ ದೂರದಿಂದ ಗುಣಿಸಿ, ದೀಪದಿಂದ ಎಲೆಗಿರುವ ದೂರದಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲೇ ಅರ್ಧ ಸೆಂಟಿಮೀಟರ್ ಅಗಲದ ಮೊಬೈಲ್ ಟಾರ್ಚ್ ಇಟ್ಟರೆ ಅಂಚಿನ ಮಸುಕು 2 ಸೆಂಟಿಮೀಟರ್. ಎಲೆ ಸ್ಪಷ್ಟವಾಗಿಯೇ ಕಾಣುತ್ತದೆ. ಅದೇ ಜಾಗದಲ್ಲಿ ಮನೆಗೆ ಹಾಕುವ 6 ಸೆಂಟಿಮೀಟರ್ ಅಗಲದ ಹಾಲುಬಿಳಿ ಎಲ್‌ಇಡಿ ಬಲ್ಬ್ ಇಟ್ಟರೆ ಮಸುಕು 24 ಸೆಂಟಿಮೀಟರ್. ಎಲೆ ಅಲ್ಲಿ ಇಲ್ಲವೇ ಇಲ್ಲ. “ಬಲ್ಬು ಜಾಸ್ತಿ ವ್ಯಾಟಿನದು ತಂದೆವು, ಆದರೂ ನೆರಳು ಬೀಳುತ್ತಿಲ್ಲ” ಎಂದು ವಿದ್ಯಾರ್ಥಿಗಳು ಕಂಗಾಲಾಗುವುದು ಇಲ್ಲಿಯೇ. ಕೊರತೆ ಇರುವುದು ವ್ಯಾಟಿನಲ್ಲಲ್ಲ, ಬಲ್ಬಿನ ಅಗಲ ಹೆಚ್ಚಾಗಿದೆ ಅಷ್ಟೆ.

ಈಗ ಮರದಡಿಗೆ ಹಿಂದಿರುಗಿ. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುತ್ತಾನೆ. ಅದರಿಂದಾಗಿ ಬಿಸಿಲಿನ ನೆರಳಿನ ಮಸುಕು ಎಲೆಯ ಎತ್ತರದ ಸುಮಾರು ನೂರೆಂಟನೆಯ ಒಂದು ಭಾಗ. ಒಂದು ಮೀಟರ್ ಎತ್ತರದ ಎಲೆಗೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ, ಐದು ಮೀಟರಿಗೆ ನಾಲ್ಕೂವರೆ ಸೆಂಟಿಮೀಟರಿಗೆ ತುಸು ಹೆಚ್ಚು, ಹತ್ತು ಮೀಟರಿಗೆ ಒಂಬತ್ತು ಸೆಂಟಿಮೀಟರಿಗೂ ಹೆಚ್ಚು. ಹೊಂಗೆಯ ಒಂದು ಕಿರುಎಲೆಯ ಅಗಲ ಅದಕ್ಕಿಂತ ಕಡಿಮೆ. ಹಾಗಾಗಿ ತುದಿಕೊಂಬೆಯ ಎಲೆ ನೆಲಕ್ಕೆ ತಲುಪುವಷ್ಟರಲ್ಲಿ ತನ್ನ ಆಕಾರವನ್ನು ಕಳೆದುಕೊಂಡು ಬರೀ ತಂಪಾಗಿ ಉಳಿಯುತ್ತದೆ. ಕನ್ನಡದ ನೆರಳಿನ ಎರಡು ಅರ್ಥಗಳು ಬೇರೆಯಾಗುವುದು ಈ ಎತ್ತರದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಕೋಣೆಗೆ ತರುವ ಉಪಾಯ ಸರಳ. ದೀಪಕ್ಕೂ ನೆಲಕ್ಕೂ ಸರಿಯಾಗಿ ನಡುವೆ ಎಲೆಗಳನ್ನು ತೂಗುಹಾಕಿದರೆ ಎರಡನೆಯ ಲೆಕ್ಕದ ಭಾಗಾಕಾರ ಒಂದಕ್ಕೆ ಇಳಿಯುತ್ತದೆ. ಆಗ ದೀಪದ ಅಗಲ ಎಷ್ಟೋ ನೆಲದ ಮೇಲಿನ ಬಿಲ್ಲೆ ಹೆಚ್ಚುಕಡಿಮೆ ಅಷ್ಟೇ ಅಗಲ. ಐದು ಮೀಟರ್ ಎತ್ತರದ ಹೊಂಗೆಯಡಿಯ ಬಿಲ್ಲೆ ಬೇಕೆಂದರೆ ಐದು ಸೆಂಟಿಮೀಟರ್ ಅಗಲದ ದುಂಡನೆಯ ದೀಪ ಸಾಕು.

ದೀಪವನ್ನು ಮಾಡಿಕೊಳ್ಳುವುದು

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಇಲ್ಲವೇ ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, 20ರಿಂದ 30 ವ್ಯಾಟಿನ ಸಿಒಬಿ ಎಲ್‌ಇಡಿ ಕೇಳಿ. ಹಳದಿ ಬಿಲ್ಲೆಯಂತೆ ಒಂದೇ ಚಿಪ್ ಇರುವ ಬಗೆ ಅದು. ಹತ್ತಾರು ಚಿಕ್ಕ ಚುಕ್ಕೆಗಳಿರುವ ಎಲ್‌ಇಡಿ ಬೇಡ. ಒಂದೊಂದು ಚುಕ್ಕೆಯೂ ತನ್ನದೇ ನೆರಳನ್ನು ಬೀಳಿಸಿ ಎಲೆಯೊಂದಕ್ಕೆ ಹತ್ತು ನೆರಳಾಗುತ್ತದೆ. ಚಿಪ್‌ನ ಬಿಸಿಯನ್ನು ಹೀರಿಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕ್ ಮತ್ತು ಅದಕ್ಕೆ ಬೇಕಾದಷ್ಟೇ ವಿದ್ಯುತ್ತು ಕೊಡುವ, ಅದಕ್ಕೆ ಒಪ್ಪುವ ಡ್ರೈವರ್ ಕಡ್ಡಾಯ. ಅದರ ಮುಂದೆ ಸ್ವಲ್ಪ ಅಂತರ ಬಿಟ್ಟು ಹಾಲುಬಿಳಿ ಅಕ್ರಿಲಿಕ್ ತುಂಡು, ಅದರ ಮುಂದೆ 5 ಸೆಂಟಿಮೀಟರ್ ತೂತು ಕೊರೆದ ತಗಡು. ತೂತಿನ ಅಂಚು ನುಣುಪಾಗಿರಲಿ. ಈ ತೂತೇ ನಿಮ್ಮ ಸೂರ್ಯ. ನಾಳೆ ಗ್ರಹಣದ ಬಿಲ್ಲೆ ಬೇಕೆನ್ನಿಸಿದರೆ ತೂತಿನ ಮೇಲೆ ದುಂಡನೆಯ ರಟ್ಟನ್ನು ಸರಿಸಿದರಾಯಿತು, ಚಪ್ಪರದಡಿಯ ನೂರಾರು ಬಿಲ್ಲೆಗಳು ಒಟ್ಟಿಗೆ ಕುಡುಗೋಲಾಗುತ್ತವೆ.

ಬೆಳಕಿನ ಬಣ್ಣವನ್ನು ಡಬ್ಬದ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ನಮೂದಿಸಿರುತ್ತಾರೆ. 2700 ಎಂದರೆ ದೀಪದ ಬತ್ತಿಯ ಕಡೆಗಿನ ಹಳದಿ, 6500 ಎಂದರೆ ನೀಲಿ ಬಿಳಿ. ಹಗಲ ಬಿಸಿಲಿಗೆ 4000ದಿಂದ 5000ದ ನಡುವಿನದು ಚೆನ್ನ. ಸಂಜೆಯನ್ನು ಹುಡುಕುತ್ತಿರುವವರು 2700 ತೆಗೆದುಕೊಳ್ಳಿ.

ಎಲ್‌ಇಡಿ ಪಟ್ಟಿಯ ಬಗ್ಗೆ ಒಂದು ಮಾತು. ಅದು ಅಗ್ಗ, ಅಂಟಿಸುವುದೂ ಸುಲಭ; ಆದ್ದರಿಂದ ಎಲ್ಲರೂ ಅದನ್ನೇ ತರುತ್ತಾರೆ. ಉದ್ದನೆಯ ದೀಪದಲ್ಲಿ ಪಟ್ಟಿಗೆ ಸಮಾನಾಂತರವಾಗಿರುವ ಅಂಚುಗಳು ಮಾತ್ರ ಚೂಪಾಗಿ ಕಾಣುತ್ತವೆ, ಅಡ್ಡ ಅಂಚುಗಳು ಅಳಿಸಿಹೋಗುತ್ತವೆ. ಬಿದಿರು ಮೆಳೆಯ ನೆರಳಿಗೋ ಜೊಂಡಿಗೋ ಈ ಗುಣವನ್ನು ಬೇಕೆಂದೇ ಬಳಸಿಕೊಳ್ಳಬಹುದು. ಹೊಂಗೆಗೆ ಅದು ಆಗದು.

ಒಂದೇ ದೀಪಕ್ಕೆ ಎಷ್ಟು ಶಕ್ತಿ ಇದೆ ಎಂಬ ಸಂಶಯ ಬಂದರೆ, ಲಾಹೋರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅನಿಲಾ ಕಯ್ಯೂಂ ಆಘಾ ಅವರ ಕೆಲಸವನ್ನು ನೋಡಿ. ಜಾಲಂಧ್ರದಂತೆ ಕೊರೆದ ಆರೂವರೆ ಅಡಿಯ ಮರದ ಘನಾಕೃತಿಯೊಳಗೆ ಒಂದೇ ಬಲ್ಬ್ ಇಟ್ಟು ಇಡೀ ಕೋಣೆಯ ಗೋಡೆ, ನೆಲ, ಸೂರುಗಳನ್ನು ನೆರಳಿನಿಂದ ಹೊದಿಸಿದ ಆ ಕೃತಿಗೆ 2014ರಲ್ಲಿ ಅಮೆರಿಕದ ಆರ್ಟ್‌ಪ್ರೈಜ್ ಸ್ಪರ್ಧೆಯಲ್ಲಿ ಜನರ ಮತವೂ ತೀರ್ಪುಗಾರರ ಬಹುಮಾನವೂ ಬಂದವು.

ಎಲೆಗಳು, ಮತ್ತು ತೊಗಲುಗೊಂಬೆ ಕಲಿಸುವ ಪಾಠ

ಎಲೆಗಳು ನಟ್ಟನಡುವೆ ತೂಗುವುದರಿಂದ ಅವುಗಳ ನೆರಳು ಎರಡು ಪಟ್ಟು ದೊಡ್ಡದಾಗುತ್ತದೆ. ಹಾಗಾಗಿ ನಿಜವಾದ ಹೊಂಗೆ ಎಲೆಯನ್ನು ತೂಗುಹಾಕಿದರೆ ನೆಲದ ಮೇಲೆ ತೇಗದ ಎಲೆಯ ದೊಡ್ಡತನ ಬರುತ್ತದೆ. ಅರ್ಧ ಅಳತೆಯ ಎಲೆಗಳನ್ನು ನಾವೇ ಕತ್ತರಿಸಬೇಕು. ಹೊಂಗೆಯದು ಸಂಯುಕ್ತ ಎಲೆ. ಒಂದು ದೇಟಿಗೆ ಐದರಿಂದ ಒಂಬತ್ತು ಕಿರುಎಲೆಗಳು, ತುದಿಯಲ್ಲಿ ಯಾವಾಗಲೂ ಒಂಟಿ. ಬಿದ್ದ ಎಲೆಗಳನ್ನು ಆಯ್ದು, ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ಅವುಗಳಿಂದ ಹತ್ತು ಹನ್ನೆರಡು ಬೇರೆ ಬೇರೆ ಅಚ್ಚುಗಳನ್ನು ಮಾಡಿಕೊಳ್ಳಿ. ಒಂದೇ ಅಚ್ಚಿನಿಂದ ಸಾವಿರ ಎಲೆ ಕತ್ತರಿಸಿದರೆ ನೆರಳು ಗೋಡೆಕಾಗದದಂತೆ ಕಾಣುತ್ತದೆ. ಹೊಂಗೆಯ ಎಲೆಗಳಲ್ಲಿ ಹುಳು ಕೊರೆದ ಬಿಳಿಯ ಸುತ್ತುದಾರಿಗಳೂ ಗಂಟುಗಳೂ ಸಾಮಾನ್ಯ. ಅವನ್ನೂ ಬಿಡದೆ ಅಚ್ಚಿಗೆ ತನ್ನಿ. ಹಸಿ ಕೊಂಬೆಯನ್ನು ಮಾತ್ರ ಕಡಿಯಬೇಡಿ.

ಯಾವ ವಸ್ತುವಿನಲ್ಲಿ ಕತ್ತರಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಒಮ್ಮೆ ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಿಬನ್ನಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅದರ ಸ್ಥಾಪಕ ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಕೂಡಿದ ಒಳ್ಳೆಯ ಸಂಗ್ರಹವಿದೆ. ಸಾಧ್ಯವಾದರೆ ಬಳ್ಳಾರಿ, ಕೊಪ್ಪಳದ ಕಡೆ ಆಟವನ್ನೇ ನೋಡಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ಈ ಕಲೆಯನ್ನು ಬರೀ ಹಳೆಯ ಮನರಂಜನೆ ಎಂದುಕೊಂಡಿದ್ದ ಎಷ್ಟೋ ಜನ ತಿರುಗಿ ನೋಡಿದರು. ನಮ್ಮಂಥವರು ಅದನ್ನು ಬೆಳಕಿನ ಶಾಸ್ತ್ರವಾಗಿ ಓದಬೇಕು. ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳುವಾಗಿಸುತ್ತಾರೆ. ಬಣ್ಣ ಹಾಕುತ್ತಾರೆ. ಆಮೇಲೆ ಉಳಿಯಿಂದ ಸಾಲುಸಾಲಾಗಿ ತೂತು ಹೊಡೆಯುತ್ತಾರೆ. ಹೀಗೆ ಒಂದೇ ಗೊಂಬೆಯಲ್ಲಿ ಬೆಳಕಿಗೆ ಮೂರು ದಾರಿ. ಕೆಲವು ಕಡೆ ಪೂರ್ತಿ ತಡೆ, ಕೆಲವು ಕಡೆ ಬಣ್ಣವಾಗಿ ಹಾಯುವುದು, ಒಡವೆಗಳಿರುವ ಕಡೆ ತೂತಿನಿಂದ ನೇರವಾಗಿ ನುಗ್ಗುವುದು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅಂಚು ಚೂಪು, ದೀಪದ ಕಡೆಗೆ ತಂದಾಗ ದೊಡ್ಡದಾಗಿ ಮಸುಕು. ನಾವು ಮೇಲೆ ಮಾಡಿದ ಎರಡು ಲೆಕ್ಕಗಳನ್ನು ಆ ಕಲಾವಿದರು ಮಣಿಕಟ್ಟಿನಲ್ಲೇ ಇಟ್ಟುಕೊಂಡಿದ್ದಾರೆ.

ಆ ಮೂರು ದಾರಿಗಳನ್ನು ನಿಮ್ಮ ಕೃತಿಗೂ ತನ್ನಿ. ಚಪ್ಪರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಎಲೆಗಳು ಕಪ್ಪು ರಟ್ಟಿನವು. ಉಳಿದವು ಹಸಿರು ಶಾಯಿ ಬಳಿದ ಟ್ರೇಸಿಂಗ್ ಹಾಳೆಯವು. ಮರದಡಿಯ ತಿಳಿಹಸಿರು ಛಾಯೆ ಇವುಗಳಿಂದ ಬರುತ್ತದೆ. ಚಪ್ಪರದ ಹೊರಗೆ ಕೆಲವೇ ಕೆಲವು, ಇಪ್ಪತ್ತೋ ಮೂವತ್ತೋ, ನಿಜವಾದ ಎಲೆಯ ನರಬಲೆಗಳು, ಅಂದರೆ ತಿರುಳು ಹೋಗಿ ನರಗಳಷ್ಟೇ ಉಳಿದ ಎಲೆಗಳು.

ನರಬಲೆ ಮಾಡಲು ಅರಳಿ ಎಲೆ ಎಲ್ಲಕ್ಕಿಂತ ಒಳ್ಳೆಯದು. ಬಲಿತ ಎಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲಿಟ್ಟು, ಮೂರು ನಾಲ್ಕು ವಾರ ಬಿಡಿ. ವಾರಕ್ಕೊಮ್ಮೆ ನೀರು ಬದಲಿಸಿ; ವಾಸನೆ ಬರುತ್ತದೆ, ಆದ್ದರಿಂದ ಹೊರಗೆ ಇಡಿ. ಎಲೆಯ ತಿರುಳು ಕೊಳೆತು ಲೋಳೆಯಾದಾಗ ತಟ್ಟೆಯಲ್ಲಿ ನೀರು ಹಾಕಿ, ಎಲೆಯನ್ನು ಅದರಲ್ಲಿ ಮಲಗಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ನಡುನರದಿಂದ ಅಂಚಿನ ಕಡೆಗೆ ಮೃದುವಾಗಿ ತಟ್ಟಿ. ಉಜ್ಜಿದರೆ ಹರಿಯುತ್ತದೆ. ಆತುರವಿದ್ದವರು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ಕುದಿಸುವುದುಂಟು. ಅದಕ್ಕೆ ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ನನಗೆ ಕೊಳೆಸುವ ದಾರಿಯೇ ಇಷ್ಟ, ಅದರಲ್ಲಿ ಸಣ್ಣ ನರಗಳೂ ಉಳಿಯುತ್ತವೆ. ಈ ನರಬಲೆಗಳನ್ನು ಚಪ್ಪರದಲ್ಲಿ ಹಾಕಬೇಡಿ, ಅಷ್ಟು ಎತ್ತರದಿಂದ ಅವುಗಳ ನೆರಳು ಪೂರ್ತಿ ಕರಗಿಬಿಡುತ್ತದೆ. ಚಾಪೆಯ ಅಂಚಿನಲ್ಲಿ ನೆಲದಿಂದ ಎರಡು ಬೆರಳಷ್ಟೇ ಎತ್ತರದಲ್ಲಿ ತೂಗುಹಾಕಿ. ಕೂತವರು ಬಗ್ಗಿ ನೋಡಿದಾಗ ಮಾತ್ರ ಕಾಣುವ ಸಣ್ಣ ಕಸೂತಿಯಂಥ ನೆರಳು ಅದು.

ಎಷ್ಟು ಎಲೆ ಬೇಕು ಎಂಬ ಲೆಕ್ಕ ಹೀಗಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪರ ನೆಲದ ಮೇಲೆ ಎರಡು ಮೀಟರ್ ಚೌಕದ ನೆರಳನ್ನು ಹಾಸುತ್ತದೆ. ಒಂದು ಚಾಪೆಗೆ, ಇಬ್ಬರು ಕೂರಲು, ಅಷ್ಟು ಸಾಕು. ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲದ ಕಿರುಎಲೆಗಳಾದರೆ, ಒಂದರ ಮೇಲೊಂದು ಬರುವುದನ್ನೂ ಲೆಕ್ಕ ಹಿಡಿದು, ಐದರಲ್ಲಿ ಮೂರು ಪಾಲು ಮುಚ್ಚಲು ಸುಮಾರು ಒಂದು ಸಾವಿರ ಬೇಕಾಗುತ್ತವೆ. ಆರಾರರ ಗೊಂಚಲು ಮಾಡಿದರೆ ನೂರ ಎಪ್ಪತ್ತು ಗೊಂಚಲು. ಗೆಳೆಯರನ್ನು ಕರೆದು ಮೂರು ಸಂಜೆ ಕೂತರೆ ಮುಗಿಯುವ ಕೆಲಸ.

ಚಿಕ್ಕ ಮಾದರಿ ಮಾಡುವಾಗ ಒಂದು ಎಚ್ಚರ

ಹತ್ತನೆಯ ಒಂದು ಅಳತೆಯಲ್ಲಿ ರಟ್ಟಿನ ಮಾದರಿಯನ್ನು ಎಲ್ಲರೂ ಮಾಡುತ್ತಾರೆ. ಅದರೊಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, “ಹೀಗೇ ಬರುತ್ತದೆ” ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಕೋಣೆ ಹತ್ತು ಪಟ್ಟು ಕುಗ್ಗಿದಾಗ ದೀಪವೂ ಹತ್ತು ಪಟ್ಟು ಕುಗ್ಗಬೇಕು ಎಂಬುದು ನೆನಪಿರುವುದಿಲ್ಲ. ಮಾದರಿಯಲ್ಲಿ ಅರ್ಧ ಸೆಂಟಿಮೀಟರಿನ ಟಾರ್ಚ್ ನಿಜವಾದ ಕೋಣೆಯ ಐದು ಸೆಂಟಿಮೀಟರಿನ ದೀಪಕ್ಕೆ ಸಮ. ನಮ್ಮ ಹೊಂಗೆಗೆ ಅದು ಸರಿಯಾಗಿ ಹೊಂದುತ್ತದೆ, ಅದೃಷ್ಟ. ಆದರೆ ಚೂಪಾದ ನೆರಳನ್ನು ಬಯಸಿ ಕೋಣೆಯಲ್ಲಿ ಸಣ್ಣ ಚಿಪ್ ಬಳಸುವವರು ಮಾದರಿಯಲ್ಲಿ ಟಾರ್ಚಿನ ಮೇಲೆ ಕಪ್ಪು ಟೇಪ್ ಅಂಟಿಸಿ ಸೂಜಿಯಿಂದ ತೂತು ಮಾಡಿಕೊಳ್ಳಬೇಕು.

ತೂಗುಹಾಕುವುದು

ಸೂರು ಹದಿನೈದು ಅಡಿ ಎತ್ತರವಿರುವ ಹಳೆಯ ಕಟ್ಟಡದ ಕೋಣೆ ಸಿಕ್ಕರೆ ಬಿಡಬೇಡಿ. ದೀಪ 4.4 ಮೀಟರ್ ಎತ್ತರದಲ್ಲಿ, ಚಪ್ಪರದ ಕೆಳಸಾಲು 2.2 ಮೀಟರ್‌ನಲ್ಲಿ, ಮೇಲಿನ ಸಾಲುಗಳು 2.8ರವರೆಗೆ. ಯಾರ ತಲೆಗೂ ತಾಗುವುದಿಲ್ಲ, ಸಾಲುಗಳ ಎತ್ತರ ಬೇರೆಬೇರೆ ಇರುವುದರಿಂದ ಮಸುಕೂ ಬೇರೆಬೇರೆ. ಹತ್ತಡಿ ಸೂರಿನ ಸಾಮಾನ್ಯ ಕೋಣೆಯಾದರೆ ದೀಪವನ್ನು ಒಂದು ಗೋಡೆಯ ಮೇಲ್ಭಾಗದಲ್ಲಿಟ್ಟು, ಚಪ್ಪರವನ್ನು ಕೋಣೆಯ ನಡುವೆ ತೂಗಿ, ನೆರಳು ಎದುರುಗೋಡೆಗೆ ಓರೆಯಾಗಿ ಬೀಳುವಂತೆ ಮಾಡಿ. ಆಗ ಅದು ಸಂಜೆಯ ನೆರಳು. ಗೋಡೆಗೆ ಒರಗಿ ನಿಂತವರ ಮುಖ ಮತ್ತು ಹೆಗಲ ಮೇಲೆ ಬಿಲ್ಲೆಗಳು ಬೀಳುತ್ತವೆ.

ಚೌಕಟ್ಟಿಗೆ ಬಿದಿರು ಹಗುರ. ಆದರೆ ಚೌಕಟ್ಟಿನ ನೇರ ಗೆರೆ ನೆರಳಿನಲ್ಲಿ ಬಿದ್ದರೆ ಮರ ಅಲ್ಲಿಗೇ ಸತ್ತಂತೆ. ಆದ್ದರಿಂದ ಚೌಕಟ್ಟನ್ನು ಬೆಳಕಿನ ಹಾದಿಯಿಂದ ಹೊರಗೆ, ಚಪ್ಪರಕ್ಕಿಂತ ದೊಡ್ಡದಾಗಿ ಮಾಡಿ, ನಡುವೆ ತೆಳುವಾದ ಮೀನುಬಲೆಯ ನೈಲಾನ್ ದಾರವನ್ನು ಹೆಣೆದುಕೊಳ್ಳಿ. ಅಂಚಿನ ಗೊಂಚಲುಗಳು ಅಡ್ಡಾದಿಡ್ಡಿಯಾಗಿ ಹೊರಚಾಚಲಿ. ಪ್ರತಿ ಗೊಂಚಲಿಗೂ ಅಂಕಿ ಬರೆದು ನಕ್ಷೆ ಇಟ್ಟುಕೊಳ್ಳಿ, ಒಂದು ಬಿದ್ದರೆ ಅದರ ಜಾಗಕ್ಕೇ ಹಿಂದಿರುಗಬೇಕು.

ಇನ್ನು ಗಾಳಿ. ಸೀಲಿಂಗ್ ಫ್ಯಾನ್ ಹಾಕಿದರೆ ಬಿರುಗಾಳಿ. ಒಂದೆರಡು 12 ವೋಲ್ಟ್ ಕಂಪ್ಯೂಟರ್ ಫ್ಯಾನುಗಳನ್ನು ಚಪ್ಪರದಿಂದ ದೂರ, ಗೋಡೆಯ ಕಡೆಗೆ ಮುಖ ಮಾಡಿ ಇಡಿ. ಗೋಡೆಗೆ ಬಡಿದು ಹಿಂದಿರುಗುವ ಗಾಳಿ ಮಂದವಾಗಿರುತ್ತದೆ. ಅಲುಗಾಟದ ಲಯ ನಿಮ್ಮ ಕೈಯಲ್ಲೇ ಇದೆ. ತೂಗುವ ದಾರ ಒಂದು ಮೀಟರ್ ಉದ್ದವಿದ್ದರೆ ಹೋಗಿ ಬರಲು ಎರಡು ಸೆಕೆಂಡ್, ಕಾಲು ಮೀಟರ್ ಇದ್ದರೆ ಒಂದು ಸೆಕೆಂಡ್. ಕಾಗದ ತೀರಾ ಹಗುರವಾದ್ದರಿಂದ ಗಾಳಿ ಅದರ ತೂಗಾಟವನ್ನು ಬೇಗ ನಿಲ್ಲಿಸುತ್ತದೆ. ದೇಟಿನ ಬುಡಕ್ಕೆ ಒಂದು ಸಣ್ಣ ಮಣಿ ಕಟ್ಟಿದರೆ ತೂಗಾಟ ಉಳಿಯುತ್ತದೆ. ಉದ್ದ ದಾರದ ಗೊಂಚಲುಗಳನ್ನೂ ಗಿಡ್ಡ ದಾರದವನ್ನೂ ಬೆರೆಸಿ. ಕೊಂಬೆ ನಿಧಾನವಾಗಿ, ಎಲೆ ಬೇಗನೆ ಅಲುಗುವುದನ್ನು ನೀವು ಮರದಡಿ ಬರೆದುಕೊಂಡಿದ್ದೀರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಸೂರ್ಯ ಸರಿಯುವುದನ್ನೂ ತೋರಿಸಬೇಕೆ? ದೀಪವನ್ನು ರಾಟೆಯ ಮೇಲೆ ಹಗ್ಗದಿಂದ ಮೆಲ್ಲಗೆ ಎಳೆಯಬಹುದು. ಎಲೆ ನಡುವಿನಲ್ಲಿದ್ದಾಗ ದೀಪ 30 ಸೆಂಟಿಮೀಟರ್ ಆಚೆ ಸರಿದರೆ ನೆರಳು ಅಷ್ಟೇ ದೂರ ಈಚೆ ಸರಿಯುತ್ತದೆ. ಹತ್ತು ನಿಮಿಷಕ್ಕೆ 30 ಸೆಂಟಿಮೀಟರ್ ಸಾಕು. ನೋಡುವವರಿಗೆ ಅದು ಸರಿಯುತ್ತಿದೆ ಎಂದು ತಿಳಿಯಬಾರದು, ಎದ್ದು ಹೋಗುವಾಗ ಬಿಲ್ಲೆ ಬೇರೆ ಕಡೆ ಇದೆಯಲ್ಲ ಎಂದು ಅನ್ನಿಸಬೇಕು.

ಕತ್ತಲೆಯನ್ನು ಕಟ್ಟುವುದು

ನೆರಳಿನ ಕೃತಿಗಳು ಸೋಲುವುದು ಬಹುಮಟ್ಟಿಗೆ ಕತ್ತಲೆಯಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕೆ ನಾವು ಮೂರು ವಾರ ದುಡಿದು ಚಪ್ಪರ ಕಟ್ಟಿದ್ದೆವು. ಉದ್ಘಾಟನೆಯ ದಿನ ಪಕ್ಕದ ಕೋಣೆಯವರು ಟ್ಯೂಬ್‌ಲೈಟ್ ಹಾಕಿದ ಕೂಡಲೇ ಬಾಗಿಲ ಸಂದಿಯಿಂದ ಬಂದ ಬೆಳಕಿಗೆ ನಮ್ಮ ಬಿಲ್ಲೆಗಳೆಲ್ಲ ಬಣ್ಣಗೆಟ್ಟವು. ಆ ಸಂಜೆಯ ಬೇಸರ ಇವತ್ತಿಗೂ ಹೋಗಿಲ್ಲ. ಬಾಗಿಲಿಗೆ ಒಂದು ಪರದೆ ಸಾಲದು. ಒಂದಾದ ಮೇಲೆ ಇನ್ನೊಂದು, ನಡುವೆ ಒಂದೂವರೆ ಮೀಟರ್ ಬಿಟ್ಟು, ಬಲಕ್ಕೆ ಒಂದು ಎಡಕ್ಕೆ ಒಂದು ಸಂದು ಇರುವಂತೆ ಎರಡು ದಪ್ಪ ಕಪ್ಪು ಪರದೆ ಹಾಕಿ. ಆ ಓಣಿಯಲ್ಲಿ ನಡೆದು ಬರುವಷ್ಟರಲ್ಲಿ ನೋಡುಗರ ಕಣ್ಣು ಕತ್ತಲಿಗೆ ಒಗ್ಗತೊಡಗುತ್ತದೆ. ಬಿಳಿ ಗೋಡೆಗಳು ಬಿದ್ದ ಬೆಳಕನ್ನು ಮತ್ತೆ ಕೋಣೆಗೆ ಎರಚಿ ನೆರಳನ್ನು ತೆಳುವಾಗಿಸುತ್ತವೆ. ನೆರಳು ಬೀಳದ ಗೋಡೆಗಳಿಗೆ ಕಪ್ಪು ಬಟ್ಟೆ ಹೊದಿಸಿ. ನೆಲಕ್ಕೆ ತಿಳಿಬಣ್ಣದ ಚಾಪೆ, ಇಲ್ಲವೇ ಒಗೆದು ಇಸ್ತ್ರಿ ಮಾಡಿದ ಕೋರಾ ಬಟ್ಟೆ. ಹೊಳೆಯುವ ಟೈಲ್ಸ್ ಕಂಡರೆ ಮುಚ್ಚಿ.

ಬಣ್ಣದ ನೆರಳು, ನೀರಿನ ಬೆಳಕು ಇವೆಲ್ಲ ಆಸೆ ಹುಟ್ಟಿಸುತ್ತವೆ. ಕೆಂಪು, ಹಸಿರು, ನೀಲಿ ದೀಪಗಳನ್ನು ಅಕ್ಕಪಕ್ಕ ಇಟ್ಟರೆ ನೆರಳುಗಳು ತಿಳಿನೀಲಿ, ಕಡುಗುಲಾಬಿ, ಹಳದಿಯಾಗುವುದು ನಿಜಕ್ಕೂ ಸೊಗಸು. ಪರಾತದ ನೀರಿಗೆ ಸಲೈನ್ ಡ್ರಿಪ್ಪಿನಿಂದ ಹನಿ ಬೀಳಿಸಿ, ಪಕ್ಕದಿಂದ ದೀಪ ಹಾಯಿಸಿದರೆ ಸೂರಿನ ಮೇಲೆ ಬೆಳಕಿನ ಉಂಗುರಗಳು ಓಡುತ್ತವೆ. ಎರಡನ್ನೂ ಬೇರೆ ಕೃತಿಗೆ ಇಟ್ಟುಕೊಳ್ಳಿ. ಹೊಂಗೆಯಡಿ ಅವುಗಳಿಗೆ ಜಾಗವಿಲ್ಲ.

ವಿದ್ಯುತ್ತಿನ ವಿಚಾರದಲ್ಲಿ ರಾಜಿ ಬೇಡ

ಕೈಗೆ ಎಟಕುವ ಎಲ್ಲ ತಂತಿಗಳಲ್ಲೂ 12 ವೋಲ್ಟ್ ಮಾತ್ರ ಇರಲಿ. 230 ವೋಲ್ಟಿನ ಜೋಡಣೆಯನ್ನು ಕಾಲೇಜಿನ ಎಲೆಕ್ಟ್ರೀಷಿಯನ್ ಮಾಡಲಿ, ಅರ್ತಿಂಗ್ ಮತ್ತು ಎಂಸಿಬಿ (ಹೆಚ್ಚು ವಿದ್ಯುತ್ತು ಹರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಇದೆಯೇ ಎಂದು ನೀವೇ ನಿಂತು ನೋಡಿ. ಹ್ಯಾಲೊಜನ್ ದೀಪ ಕಾಗದ, ಬಟ್ಟೆಗಳ ಹತ್ತಿರ ಬೇಡವೇ ಬೇಡ. ದೀಪ ಕೂರಿಸಿದ ಮೇಲೆ ಎರಡು ಗಂಟೆ ಉರಿಸಿ ಹೀಟ್ ಸಿಂಕ್ ಮುಟ್ಟಿ ನೋಡಿ. ಬೆರಳಿಡಲು ಆಗದಷ್ಟು ಬಿಸಿಯಾದರೆ ದೊಡ್ಡದನ್ನು ಹಾಕಿ. ತಲೆಯ ಮೇಲೆ ತೂಗುವ ಪ್ರತಿಯೊಂದು ಭಾರಕ್ಕೂ ಎರಡು ಕಟ್ಟು, ಒಂದು ಕಡಿದರೆ ಇನ್ನೊಂದು ಹಿಡಿಯುವಂತೆ. ಕರೆಂಟು ಹೋದರೆ? 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ 20 ವ್ಯಾಟಿನ ದೀಪವನ್ನು ಲೆಕ್ಕದಲ್ಲಿ ನಾಲ್ಕು ಗಂಟೆ ಉರಿಸಬೇಕು. ನಿಜದಲ್ಲಿ ಎರಡು ಗಂಟೆ ಎಂದು ಇಟ್ಟುಕೊಳ್ಳಿ.

ಫೋಟೊ, ಮತ್ತು ಬಿಚ್ಚುವ ದಿನ

ಮೊಬೈಲ್ ಕ್ಯಾಮೆರಾ ಕತ್ತಲನ್ನು ಕಂಡರೆ ತಾನಾಗಿಯೇ ಬೆಳಗಿಸಿಬಿಡುತ್ತದೆ, ಆಗ ನಿಮ್ಮ ನೆರಳು ಬೂದಿಯಾಗುತ್ತದೆ. ಮ್ಯಾನುಯಲ್‌ಗೆ ಹಾಕಿ, ಟ್ರೈಪಾಡ್ ಮೇಲಿಟ್ಟು, ಬಿಲ್ಲೆಯ ಬಿಳುಪು ಹಾರಿಹೋಗದಂತೆ ಅಳತೆ ಹಿಡಿಯಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಡ್ರೈವರಿನ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ವಿಡಿಯೊದಲ್ಲಿ ಪಟ್ಟೆಗಳು ಬರುವುದಿಲ್ಲ. ಖಾಲಿ ಚಾಪೆಯ ಫೋಟೊ ಒಂದು ಸಾಕು. ಉಳಿದವುಗಳಲ್ಲಿ ಜನರಿರಲಿ. ಯಾರೋ ಅಜ್ಜಿ ಬಂದು ಚಪ್ಪಲಿ ಬಿಟ್ಟು ಕುಳಿತು, ಮೊಣಕಾಲ ಮೇಲಿನ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿ ನೋಡುವ ಗಳಿಗೆಗೆ ಕಾದು ಕುಳಿತುಕೊಳ್ಳಿ.

ಪ್ರದರ್ಶನ ಮುಗಿದ ಮರುದಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಕೊನೆಯ ಅಂಕಿಯಿಂದ ಮೊದಲ ಅಂಕಿಯವರೆಗೆ ಗೊಂಚಲುಗಳನ್ನು ಬಿಚ್ಚಿ. ಹತ್ತತ್ತರಂತೆ ಪತ್ರಿಕೆಯ ಮಡಿಕೆಗಳಲ್ಲಿ ಇಟ್ಟು, ನಡುವೆ ಒಣ ಬೇವಿನ ಸೊಪ್ಪು ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಡಿ. ಗೋಡೆಯ ಮೊಳೆತೂತುಗಳನ್ನು ಮುಚ್ಚಿ. ಉಳಿದ ನರಬಲೆಗಳನ್ನೂ ಒತ್ತಿಟ್ಟ ಹೊಂಗೆಯ ಎಲೆಗಳನ್ನೂ ಆಯ್ದು ತಂದ ಮರದ ಬುಡಕ್ಕೇ ಹಾಕಿ ಬನ್ನಿ. ಹೋದಾಗ ಡ್ರಾಯಿಂಗ್ ಹಾಳೆಯೂ ಇದ್ದಿಲೂ ಜೊತೆಗಿರಲಿ. ಯುಗಾದಿಯ ಹೊತ್ತಾದರೆ ಮರ ಹೊಸ ಎಲೆ ಬಿಟ್ಟಿರುತ್ತದೆ, ನೆರಳು ನೀವು ಬರೆದುಕೊಂಡದ್ದಕ್ಕಿಂತ ತೆಳುವಾಗಿರುತ್ತದೆ.